ಬಾಲದ ತಿರುಪು, ಒಣಗಿದೆ

ನಮ್ಮೂರಿನ ಪುರಸಭೆಯ ಮಾಳಿಗೆಯ ಮೇಲೆ ಒಂದು ಮೈಕು ಇದೆ. ಊರೊಳಗೆ ಯಾವ ವಸ್ತು ಕೆಟ್ಟರೂ ಅದು ಹೇಳುತ್ತದೆ. ಮೊದಲು ಯಜಮಾನರ ಹೆಸರು, ಆಮೇಲೆ ವಸ್ತುವಿನ ಹೆಸರು, ಆಮೇಲೆ ಅದಕ್ಕೇನಾಗಿದೆ ಅನ್ನುವುದು. "ಕಾಶವ್ವ, ಹಿತ್ತಲ ಬಾಗಿಲು, ಕೀಲು ಸಡಿಲ." ಇಷ್ಟೇ. ಯಾಕೆ ಕೆಟ್ಟಿತು, ಯಾರು ಕೆಡಿಸಿದರು ಅನ್ನುವ ಉಸಾಬರಿಗೆ ಅದು ಹೋಗುವುದಿಲ್ಲ. ಮನುಷ್ಯರ ಸುದ್ದಿಗಂತೂ ಬರುವುದೇ ಇಲ್ಲ, ಆ ಕೆಲಸಕ್ಕೆ ನಾವೇ ಇದ್ದೇವೆ. ಹೊರಗಿನಿಂದ ಬಂದವರು ಮೊದಲ ದಿನ ಹೌಹಾರುತ್ತಾರೆ. ಮರುದಿನ ಅವರದೇ ಬ್ಯಾಗಿನ ಜಿಪ್ಪು ಕೆಟ್ಟಿದ್ದನ್ನು ಮೈಕು ಊರಿಗೆಲ್ಲ ಕೇಳುವ ಹಾಗೆ ಹೇಳಿದಾಗ ನಾಚಿಕೊಳ್ಳುತ್ತಾರೆ. ಅದರ ಮರುದಿನ ಜಿಪ್ಪು ಹಾಕಿಸಿಕೊಂಡು ಸುಮ್ಮನಾಗುತ್ತಾರೆ.

ನಾನು ದ್ಯಾಮವ್ವ. ಬಸ್ ನಿಲ್ದಾಣದ ಎದುರಿನ ಖಾನಾವಳಿ ನನ್ನದು. ಕೆಳಗೆ ಊಟ, ಮೇಲೆ ಮೂರು ಖೋಲಿ. ನನಗೆ ಸಿಟ್ಟು ಜಾಸ್ತಿ ಅಂತ ಊರಲ್ಲಿ ಹೇಳುತ್ತಾರೆ. ಹೇಳಲಿ. ಆದರೆ ಹಸಿದು ಬಂದವರನ್ನು ನಾನು ಯಾವತ್ತೂ ವಾಪಸ್ ಕಳಿಸಿಲ್ಲ, ಅದನ್ನೂ ಅದೇ ಬಾಯಿಂದ ಹೇಳಬೇಕು.

ವಿಮಾನ ಬಿದ್ದ ದಿನ ಊರಿಗೆ ಊರೇ ಊಟಕ್ಕೆ ಕೂತಿತ್ತು. ನಾನು ಆಗಷ್ಟೇ ಅನ್ನ ಬಸಿದು ಎಲೆ ಹಾಕಿದ್ದೆ. ಅಷ್ಟರಲ್ಲಿ ಮೈಕು ಬಿಡುವಿಲ್ಲದೆ ಮಾತಾಡತೊಡಗಿತು. ಯಜಮಾನರ ಹೆಸರು ಮಾತ್ರ ಇಲ್ಲ. "ತಾನೇ ಹಾರಿಸುವ ಯಂತ್ರ, ಕೈಬಿಟ್ಟಿದೆ. ಎತ್ತರದ ಮುಳ್ಳು, ಎರಡು ಎರಡು ಥರ. ಹಿಂದಿನ ಕಕ್ಕಸು, ನೀರಿಲ್ಲ. ಎಡಗಡೆ ಬಾಗಿಲು, ಗಾಳಿ ಸೋರಿಕೆ." ಇನ್ನೂ ಏನೇನೋ. ಹೆಸರಿಲ್ಲದ ಮೇಲೆ ಯಾರದ್ದೆಂದು ತಿಳಿಯುವುದು? ಎಲ್ಲರೂ ಉಂಡ ಕೈಯಲ್ಲೇ ಎದ್ದು ತಂತಮ್ಮ ಮನೆ ನೋಡಲು ಓಡಿದರು. ಹಿತ್ತಲಲ್ಲಿ ಕಕ್ಕಸು ಇದ್ದವರೆಲ್ಲ ಚೊಂಬು ಹಿಡಿದುಕೊಂಡು ಅಲ್ಲಿಗೆ ಓಡಿದರು. ಅಷ್ಟು ಹೊತ್ತಿಗೆ, ದಿನಾ ನಮ್ಮ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ ಹಾದುಹೋಗುತ್ತಿದ್ದ ವಿಮಾನ ಬಸ್ ನಿಲ್ದಾಣದ ತಗಡನ್ನು ಸವರಿದ ಹಾಗೆ ಹೋಗಿ ಊರ ಹೊರಗಿನ ಉಪ್ಪಿನ ಬಯಲಿಗೆ ಬಿತ್ತು. ಹದಿನಾಲ್ಕು ಮಂದಿ ಸತ್ತರು. ಉಳಿದವರನ್ನು ನಾವೇ ಎತ್ತಿ ಹೊರಗೆ ತಂದೆವು, ಸತ್ತವರನ್ನೂ ನಾವೇ ತಂದೆವು. ಆ ಮಧ್ಯಾಹ್ನದ ಬಗ್ಗೆ ನಾನು ಇಷ್ಟಕ್ಕಿಂತ ಹೆಚ್ಚು ಹೇಳುವುದಿಲ್ಲ. ಹೇಳಿದರೆ ಅಳು ಬರುತ್ತದೆ, ಅಳುತ್ತ ಕೂತರೆ ಮುಂದಿನದನ್ನು ಹೇಳುವವರು ಯಾರು?

ಬದುಕಿದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಊರಿಗೆ ಹೋದರು. ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ಪಾಲಾಕ್ಷ ಮಾತ್ರ ಉಳಿದರು. ಕಾಲು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ವಿಚಾರಣೆ ಮುಗಿಯುವ ತನಕ ಊರು ಬಿಡಕೂಡದು ಎಂದು ಅಪ್ಪಣೆಯಾಗಿತ್ತು. ಆಸ್ಪತ್ರೆಯವರು ಮಂಚ ಬೇರೆಯವರಿಗೆ ಬೇಕು ಅಂದಾಗ ಅವರನ್ನು ನನ್ನ ಖಾನಾವಳಿಯ ಮೇಲಿನ ಖೋಲಿಗೆ ತಂದು ಮಲಗಿಸಿದರು. ಪಕ್ಕದಲ್ಲಿ ಕೂತಿದ್ದ ಎರಡನೆಯ ಪೈಲಟ್ ಸತ್ತಿದ್ದ. ಒಳಗೆ ನಡೆದದ್ದನ್ನೆಲ್ಲ ಹಿಡಿದಿಡುವ ಪೆಟ್ಟಿಗೆ ಅಂತ ಒಂದಿರುತ್ತದಂತೆ, ಅದು ಸುಟ್ಟು ಕರಕಲಾಗಿತ್ತು. ಕ್ಯಾಪ್ಟನ್‌ಗೆ ಬೆಳಿಗ್ಗೆ ವಿಮಾನ ಹತ್ತಿದ್ದು ನೆನಪಿದೆ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟದ್ದು ನೆನಪಿದೆ. ನಡುವಿನದು ಅಳಿಸಿಹೋಗಿದೆ.

ವಿಮಾನದ ಕಂಪನಿಯವರು ಮಾತ್ರ ಎಲ್ಲ ತಾವೇ ಕಂಡವರಂತೆ ಹೇಳಿಬಿಟ್ಟಿದ್ದರು. ತಾನೇ ಹಾರಿಸುವ ಯಂತ್ರವನ್ನು ಕ್ಯಾಪ್ಟನ್ ತನ್ನ ಕೈಯಾರೆ ಬಂದ್ ಮಾಡಿದ, ಆಮೇಲೆ ವಿಮಾನ ಹಿಡಿತಕ್ಕೆ ಸಿಗಲಿಲ್ಲ, ಹದಿನಾಲ್ಕು ಜೀವ ಹೋದದ್ದು ಆತನಿಂದ ಅಂತ. ಆ ಮಾತು ನಿಂತರೆ ಕ್ಯಾಪ್ಟನ್‌ಗೆ ಜೈಲು. ಜೈಲಿನ ಚಿಂತೆ ಅವರಿಗೆ ಅಷ್ಟಿರಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡವಳು. ಮೊದಲ ದಿನ ಊಟದ ತಾಟು ಇಟ್ಟಾಗ ಅವರು ತಾಟು ನೋಡದೆ ನನ್ನ ಮುಖ ನೋಡಿದರು.

"ದ್ಯಾಮವ್ವ, ನಾನೇ ಬಂದ್ ಮಾಡಿದ್ನಾ?"

"ನನಗೇನ್ ಗೊತ್ರೀ? ನಾನೇನ್ ನಿಮ್ಮ ಮಗ್ಗಲದಾಗ ಕುಂತಿದ್ನಾ? ಉಣ್ರಿ ಮೊದಲ."

"ಗೊತ್ತಾದ್ರೆ ಸಾಕು. ಮಾಡಿದ್ರೆ ಮಾಡ್ದೆ ಅಂತಾದ್ರೂ ಗೊತ್ತಾಗ್ಬೇಕು."

ದಿನಾ ಇದೇ ಪ್ರಶ್ನೆ. ತಾನು ಕೊಂದೆನೋ ಇಲ್ಲವೋ ಅಂತ ಗೊತ್ತಿಲ್ಲದ ಮನುಷ್ಯನಿಗೆ ಯಾವ ಪಲ್ಯ ಮಾಡಿ ಹಾಕಿದರೆ ರುಚಿಸೀತು?

ವಿಚಾರಣೆಗೆ ಬಂದವರು ಇಂದುಮತಿ ಮೇಡಂ. ಸರ್ಕಾರದವರು. ನಡುವಯಸ್ಸು, ದಪ್ಪ ಕನ್ನಡಕ, ಮಾತು ಕಮ್ಮಿ. ಕ್ಯಾಪ್ಟನ್ ಖೋಲಿಯ ಪಕ್ಕದ ಖೋಲಿಯಲ್ಲೇ ಇಳಿದರು, ಆದರೆ ಅವರ ಜೊತೆ ಕೂತು ಒಂದು ದಿನವೂ ಊಟ ಮಾಡಲಿಲ್ಲ. ಕೇಳಿದ್ದಕ್ಕೆ, ಯಾರ ವಿಚಾರಣೆ ಮಾಡಬೇಕೋ ಅವರ ಜೊತೆ ಉಂಡರೆ ಮುಲಾಜು ಬರುತ್ತದೆ ಅಂದರು. ನನಗೆ ಆ ಮಾತು ಹಿಡಿಸಿತು. ಮೈಕನ್ನು ನೋಡಿ ಅವರು ಹೌಹಾರಲಿಲ್ಲ. ದೊಡ್ಡ ವಿಮಾನಗಳು ಹಾರುತ್ತ ಹಾರುತ್ತಲೇ ತಮ್ಮಲ್ಲಿ ಕೆಟ್ಟದ್ದನ್ನು ನೆಲದಲ್ಲಿರುವ ಕಂಪನಿಗೆ ತಾವೇ ತಿಳಿಸುತ್ತವಂತೆ. ಇದು ಹಳೆಯ ವಿಮಾನ, ಹಾಗೆ ತಿಳಿಸುವ ಏರ್ಪಾಡು ಇರಲಿಲ್ಲ. "ಕಂಪನಿಗೆ ಹೋಗಬೇಕಾದದ್ದು ನಿಮಗೆ ಬಂದಿದೆ, ಅಷ್ಟೇ" ಅಂದರು.

ಅವರು ಕೆಲಸ ಮಾಡುವ ರೀತಿ ಬೇರೆಯೇ ಇತ್ತು. ಮನೆಮನೆಗೆ ಹೋಗಿ ಮೈಕು ಏನು ಹೇಳಿತು ಅಂತ ಕೇಳುತ್ತಿರಲಿಲ್ಲ. "ಆ ಹೊತ್ತಿಗೆ ನೀವು ಏನು ಮಾಡಿದಿರಿ?" ಅಂತ ಕೇಳುತ್ತಿದ್ದರು. ಕೇಳಿದ್ದು ಜನಕ್ಕೆ ಮರೆತುಹೋಗುತ್ತದೆ, ಮಾಡಿದ್ದು ಮರೆಯುವುದಿಲ್ಲ ಅನ್ನುವುದು ಅವರ ಲೆಕ್ಕ. ಕಕ್ಕಸಿಗೆ ಓಡಿದವರು ಯಾರು, ಅವರು ಓಡುವಾಗ ಗಾಳಿ ಸೋರಿಕೆಯೆಂದು ಸೈಕಲ್ ಟ್ಯೂಬು ನೋಡುತ್ತ ಕೂತವರು ಯಾರು, ಗೋಡೆ ಗಡಿಯಾರದ ಮುಳ್ಳು ನೋಡಿದವರು ಮೊದಲೋ ಆಮೇಲೋ. ಹೀಗೆ ಓಡಿದವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ಮೈಕಿನ ಮಾತುಗಳನ್ನು ಒಂದೊಂದಾಗಿ ಜೋಡಿಸಿದರು. ಮೊದಲು ಕೆಟ್ಟದ್ದೇ ಮೊದಲು ಕೂಗಬೇಕೆಂದಿಲ್ಲ, ಜೋರಾಗಿ ಕೂಗಿದ್ದೇ ಕಾರಣ ಅಂತಲೂ ಅಲ್ಲ, ಒಂದು ಕೆಟ್ಟರೆ ಅದನ್ನು ನಂಬಿದ್ದ ಹತ್ತು ದೂರು ಹೇಳುತ್ತವೆ ಅಂತ ನನಗೆ ತಿಳಿಸಿ ಹೇಳಿದರು. ಕಕ್ಕಸಿನ ನೀರಿಗೂ ಬಿದ್ದದ್ದಕ್ಕೂ ಸಂಬಂಧವೇ ಇಲ್ಲವಂತೆ. ಕಾಶವ್ವನಿಗೆ ಇದು ಕೇಳಿ ಬಹಳ ಬೇಜಾರಾಯಿತು, ಯಾಕೆಂದರೆ ಅವಳು ಓಡಿದ್ದು ಕಕ್ಕಸಿಗೆ.

ಎಲ್ಲ ಜೋಡಿಸಿದ ಮೇಲೆ ಸಾಲಿನ ತುದಿಯಲ್ಲಿ ನಿಂತದ್ದು ಒಂದೇ ಮಾತು. ತಾನೇ ಹಾರಿಸುವ ಯಂತ್ರ, ಕೈಬಿಟ್ಟಿದೆ. ಅದಕ್ಕಿಂತ ಹಿಂದೆ ಏನೂ ಇಲ್ಲ. ಎಲ್ಲವೂ ಸರಿ ಇದ್ದಾಗ ಆ ಯಂತ್ರ ಸುಮ್ಮಸುಮ್ಮನೆ ಯಾಕೆ ಕೈಬಿಟ್ಟೀತು? ಯಾರಾದರೂ ಬಿಡಿಸಿರಬೇಕು. ಕ್ಯಾಪ್ಟನ್‌ರನ್ನೂ ಕೇಳಿದರು, ಆ ವಿಮಾನದಲ್ಲಿ ಮೊದಲಿಂದ ಏನಾದರೂ ತೊಂದರೆ ಇತ್ತಾ ಅಂತ. ಕ್ಯಾಪ್ಟನ್ ಬಹಳ ಹೊತ್ತು ಯೋಚಿಸಿ, ಇರಲಿಲ್ಲ ಅಂದರು.

ಆಗ ನಮಗೆ ಸುಮ್ಮನಿರಲಾಗಲಿಲ್ಲ. ಪುರಸಭೆ ಅಧ್ಯಕ್ಷ ಫಕೀರಗೌಡ, ಹಿಟ್ಟಿನ ಗಿರಣಿಯ ಜಟ್ಟೆಪ್ಪ, ಕಾಶವ್ವ, ನಾನು, ಎಲ್ಲರೂ ಮೇಡಂ ಖೋಲಿಗೆ ಹೋದೆವು. ಫಕೀರಗೌಡನೇ ಮಾತು ತೆಗೆದ.

"ಮೇಡಮ್ಮಾರ, ನಮ್ಮ ಮೈಕು ಕೆಟ್ಟದ್ದನ್ನ ಅಷ್ಟ ಹೇಳತೈತ್ರಿ. ಕೈಲೆ ಬಂದ್ ಮಾಡಿದ್ದನ್ನ ಹೇಳೂದುಲ್ಲ. ನಾವು ದೀಪಾ ಆರಸ್ತೀವಿ, ನಳಾ ತಿರವತೀವಿ, ಏನಾರ ಅಂತೈತೇನು? ಇಲ್ಲ. ಅಂದಮ್ಯಾಲ ಆ ಯಂತ್ರಾನೂ ಇವ್ರು ಬಂದ್ ಮಾಡಿಲ್ಲ. ತಾನ ಕೆಟ್ಟೈತಿ."

"ಯಾವಾಗಲೂ ಹಾಗೇನಾ?" ಮೇಡಂ ಕೇಳಿದರು.

"ನಮ್ಮಪ್ಪನ ಕಾಲದಿಂದ ಹಂಗ."

"ದೀಪ, ನಳ ಸಣ್ಣವು. ದೊಡ್ಡ ಯಂತ್ರ ಒಂದನ್ನು ನಿಲ್ಲಿಸಿ ತೋರಿಸಿ. ಮೈಕು ಸುಮ್ಮನಿದ್ದರೆ ನಾನು ಒಪ್ಪುತ್ತೇನೆ, ಹಾಗಂತ ಬರೆಯುತ್ತೇನೆ."

ಊರಲ್ಲಿ ಇದ್ದದ್ದರಲ್ಲಿ ದೊಡ್ಡ ಯಂತ್ರ ಅಂದರೆ ಜಟ್ಟೆಪ್ಪನ ಗಿರಣಿ. ಜಟ್ಟೆಪ್ಪ ಎದೆ ಉಬ್ಬಿಸಿಕೊಂಡು, "ನಾಳೆ ಸಂಜೀಕ ಬರ್ರಿ, ಗಿರಾಕಿ ಮುಗದ ಮ್ಯಾಲ ನಿಮ್ಮ ಮುಂದನ ನಿಂದ್ರಸ್ತೀನಿ" ಅಂದ.

ಮರುದಿನ ಸಂಜೆ ಗಿರಣಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕ್ಯಾಪ್ಟನ್‌ರನ್ನೂ ಕರೆದುಕೊಂಡು ಹೋಗಿ ಹಿಟ್ಟಿನ ಚೀಲದ ಮೇಲೆ ಕೂರಿಸಿದೆವು. ನನಗೆ ಅವತ್ತು ಎಷ್ಟು ಧೈರ್ಯವಿತ್ತೆಂದರೆ ರಾತ್ರಿಗೆ ಹೋಳಿಗೆಗೆ ಕಣಕ ಕಲಸಿಟ್ಟು ಬಂದಿದ್ದೆ. ಮೇಡಂ ಸನ್ನೆ ಮಾಡಿದರು. ಜಟ್ಟೆಪ್ಪ ಮೂಲೆಯ ಉದ್ದನೆಯ ಕೋಲು ತೆಗೆದುಕೊಂಡು, ತಿರುಗುತ್ತಿದ್ದ ಪಟ್ಟಿಯನ್ನು ಗಾಲಿಯಿಂದ ಒಂದೇ ಏಟಿಗೆ ಜಾರಿಸಿದ. ಗಿರಣಿ ನಿಲ್ಲಿಸುವ ಗುಂಡಿ ಅವನಪ್ಪನ ಕಾಲಕ್ಕೇ ಕೆಟ್ಟಿತ್ತು. ದಿನಾ ಹೀಗೇ ಅವನು ನಿಲ್ಲಿಸುವುದು. ಕಲ್ಲು ಗರಗರ ಅನ್ನುತ್ತ ನಿಂತಿತು.

"ಜಟ್ಟೆಪ್ಪ, ಗಿರಣಿ ಪಟ್ಟಿ, ಜಾರಿದೆ" ಅಂದಿತು ಮೈಕು.

ನಾವು ಕಾದೆವು. ಕಾಶವ್ವ ಎದ್ದು ಸೀರೆ ಕೊಡವಿಕೊಂಡು ದೀಪ ಹಚ್ಚಲು ಮನೆಗೆ ಹೊರಟಳು. ಇನ್ನಷ್ಟು ಹೆಂಗಸರೂ ಎದ್ದರು. ಫಕೀರಗೌಡ ಮೇಡಂ ಕಡೆ ತಿರುಗಿ ಮೀಸೆ ಮೇಲೆ ಕೈಯಾಡಿಸಿದ. "ನೋಡಿದ್ರಿ? ತುಟಿ ಪಿಟಿಕ್ ಅನ್ಲಿಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಹೇಳಿತಲ್ಲ?"

"ಏನ್ ಹೇಳ್ತು?"

"ಗಿರಣಿ ಪಟ್ಟಿ ಜಾರಿದೆ ಅಂತ."

"ಓ, ಅದಾ? ಅದು ಹೇಳಿದ್ದಲ್ರೀ. ಅದು ದೀಪಾ ಹಚ್ಚೂ ಹೊತ್ತು."

"ಹೌದ್ರಿ" ಅಂದೆ ನಾನೂ. "ಅದು ದಿನಾ ಬರತೈತಿ."

ನನ್ನ ಮಾತು ನನ್ನ ಕಿವಿಗೆ ಬಿದ್ದ ಮೇಲೆ ನನಗೆ ತಿಳಿಯಿತು. ಉಳಿದವರಿಗೂ ಒಬ್ಬೊಬ್ಬರಿಗೇ ತಿಳಿಯುತ್ತ ಬಂತು. ಕಾಶವ್ವ ಅರ್ಧ ದಾರಿಯಲ್ಲಿ ನಿಂತಳು. ಜಟ್ಟೆಪ್ಪ ಕೈಯಲ್ಲಿದ್ದ ಕೋಲನ್ನು ಅದ್ಯಾವುದೋ ಹೊಸ ವಸ್ತು ಅನ್ನುವ ಹಾಗೆ ನೋಡಿದ. ಅವನು ದಿನಾ ಸಂಜೆ ಪಟ್ಟಿ ಜಾರಿಸಿದ್ದಾನೆ, ದಿನಾ ಸಂಜೆ ಮೈಕು ಕೂಗಿದೆ, ದಿನಾ ಸಂಜೆ ನಾವು ದೀಪ ಹಚ್ಚಿದ್ದೇವೆ. ಅದೊಂದು ದೂರು ಅನ್ನುವುದು ಇಡೀ ಊರಿಗೆ ಯಾವತ್ತೋ ಮರೆತುಹೋಗಿತ್ತು.

"ಅಂದರೆ ಮೈಕಿಗೆ ಕೈ ಯಾವುದು, ಕೇಡು ಯಾವುದು ಅಂತ ಗೊತ್ತಾಗುವುದಿಲ್ಲ" ಅಂದರು ಮೇಡಂ. ಅವರ ದನಿಯಲ್ಲಿ ಗೆದ್ದ ಭಾವನೆ ಇರಲಿಲ್ಲ, ನಿಜ ಹೇಳಬೇಕೆಂದರೆ ಬೇಸರವೇ ಇತ್ತು. ಕ್ಯಾಪ್ಟನ್ ಹಿಟ್ಟಿನ ಚೀಲದಿಂದ ಏಳಲು ನೋಡಿದರು, ತಮ್ಮ ಊರುಗೋಲು ಊರಲು ಆಗದೆ ಮತ್ತೆ ಕೂತರು. ಬೆನ್ನೆಲ್ಲ ಹಿಟ್ಟಾಗಿತ್ತು. "ಹಾಗಾದ್ರೆ ನಾನೇ" ಅಂದರು.

ದಾರಿಯುದ್ದಕ್ಕೂ ನಾನು ಜಟ್ಟೆಪ್ಪನನ್ನು ಬೈದೆ. "ಒಂದ್ ಗುಂಡಿ ಹಾಕಸಾಕ ಏನಾಗಿತ್ತಲೇ ನಿನಗ? ಒಬ್ಬರ ಬದುಕ ಮುಳುಗಿಸಿದೆಲ್ಲೋ!" ಪಾಪ, ಅವನೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಹೋಳಿಗೆ ಆ ರಾತ್ರಿ ಯಾರಿಗೂ ಬೇಡವಾಯಿತು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಹೊರಡಲು ಮೇಡಂ ಚೀಲ ಕಟ್ಟಿದರು. ಕ್ಯಾಪ್ಟನ್ ಕೆಳಗೆ ಬಂದು ಮೂಲೆಯ ಮೇಜಿಗೆ ಕೂತಿದ್ದರು. ನಾನು ಬಡಿಸಿದೆ. ಅವರು ಅನ್ನಕ್ಕೆ ಕೈ ಹಾಕಿ, ಬೇರೇನಾದರೂ ಮಾತಾಡಬೇಕಲ್ಲ ಅನ್ನುವಂತೆ, ಸಣ್ಣಗೆ ನಕ್ಕು ಹೇಳಿದರು. "ದ್ಯಾಮವ್ವ, ತಪ್ಪು ತಿಳ್ಕೋಬೇಡಿ. ನಾನು ಬಂದಾಗಿಂದ ದಿನಾ ಅನ್ನ ಮುದ್ದೆಯಾಗ್ತಿದೆ."

ಮೊದಲೇ ತಲೆ ಕೆಟ್ಟಿತ್ತು, ನನಗೆ ರೇಗಿತು. "ನನ್ನ ಅನ್ನಕ್ಕ ಇಲ್ಲಿ ತನಕ ಯಾರೂ ಹೆಸರಿಟ್ಟಿದ್ದಿಲ್ರಿ! ನಾನೇನ್ ಬೇಕಂತ ಮಾಡ್ತೀನಾ? ಊಟದ ಕೂಗ ಬಂದಕೂಡ್ಲೆ ಬಸೀತಿದ್ದೆ, ಅಗಳ ಅಗಳ ಉದುರ್ತಿತ್ತು. ಈಗ ಕೂಗ ಕೇಳಸವಲ್ದು. ಕಿವಿ ಮಂದ ಆಗ್ಯಾವ ನನಗ. ನೀವು ಬಂದಾಗಿಂದ ಈ ಊರಾಗ ಯಾರಿಗೆ ತಲಿ ನೆಟ್ಟಗೈತಿ?"

ಮೇಡಂ ಚೀಲ ಹಿಡಿದು ಬಾಗಿಲಲ್ಲಿದ್ದರು. ಹೊರಗೆ ಬಸ್ಸು ಹಾರ್ನು ಹಾಕುತ್ತಿತ್ತು. "ಯಾವ ಕೂಗು?" ಅಂದರು.

"ಊಟದ್ದು. ಮೈಕಿನದು."

"ಅದು ನಿಂತದ್ದು ಯಾವಾಗಿನಿಂದ?"

ಬೆರಳು ಮಡಚಿ ಲೆಕ್ಕ ಹಾಕಿದೆ. ಬಿದ್ದ ದಿನ ಬಂದಿತ್ತು. ಅದನ್ನು ಕೇಳಿಯೇ ನಾನು ಅನ್ನ ಬಸಿದು ಎಲೆ ಹಾಕಿದ್ದು. ಮರುದಿನದಿಂದ ಇಲ್ಲ. ಸೌಟು ಕೆಳಗಿಟ್ಟು ಹತ್ತಿರದ ಬೆಂಚಿನ ಮೇಲೆ ಕೂತೆ.

"ಅದು ಏನಂತ ಕೂಗುತ್ತಿತ್ತು? ಹಾಗೆಯೇ ಹೇಳಿ" ಅಂದರು ಮೇಡಂ.

"ಬಾಲದ ತಿರುಪು, ಒಣಗಿದೆ."

ಬಸ್ಸು ಹೋಯಿತು. ಮೇಡಂ ಚೀಲ ಇಳಿಸಿ ನನ್ನೆದುರು ಕೂತರು.

ಅದು ಮೊದಲು ಬಂದದ್ದು ಎಷ್ಟೋ ವರ್ಷಗಳ ಹಿಂದೆ. ಆಗ ಊರಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಯಜಮಾನರ ಹೆಸರಿಲ್ಲ, ಬಾಲ ಇದ್ದವರೆಲ್ಲ ನೋಡಿಕೊಳ್ಳಬೇಕಾಯಿತು. ಎತ್ತು, ಎಮ್ಮೆ, ನಾಯಿ ಎಲ್ಲದರ ಬಾಲ ಎತ್ತಿ ನೋಡಿದೆವು. ಕಾಶವ್ವ ತನ್ನ ಎಮ್ಮೆಯ ಬಾಲಕ್ಕೆ ಒಂದು ವಾರ ಕುಸುಬೆ ಎಣ್ಣೆ ತಿಕ್ಕಿದಳು, ಎಮ್ಮೆ ಒದ್ದಿತು, ಅವಳು ಬಿಟ್ಟಳು. ಗಾಳಿಪಟದ ಬಾಲ ಇರಬೇಕೆಂದು ಮಕ್ಕಳಿಗೆ ಗದರಿಸಿದೆವು. ಆಮೇಲೂ ಅದು ದಿನಾ ನಡು ಮಧ್ಯಾಹ್ನಕ್ಕೆ ಬರುತ್ತಲೇ ಇತ್ತು. ಯಾರಿಗೂ ಏನೂ ಆಗಲಿಲ್ಲ. ಒಂದಷ್ಟು ದಿನಕ್ಕೆ ಯಾರೋ, ಕೂಗು ಬಂತು ಎಲೆ ಹಾಕು ಅಂದರು. ಅಲ್ಲಿಗೆ ಅದು ಊಟದ ಕೂಗಾಯಿತು. ಆ ಹೊತ್ತಿಗೆ ತಲೆಯ ಮೇಲೆ ವಿಮಾನ ಹೋಗುತ್ತಿತ್ತು ಅನ್ನುವುದು ನಿಜ. ಊಟದ ಹೊತ್ತಿನಲ್ಲಿ ಯಾರಾದರೂ ಆಕಾಶ ನೋಡುತ್ತಾರೆಯೇ?

ಮೇಡಂ ಎರಡು ಚಮಚ, ಒಂದು ತಾಟು ಇಟ್ಟು ನನಗೆ ತಿಳಿಸಿ ಹೇಳಿದರು. ವಿಮಾನದ ಬಾಲದಲ್ಲಿ ತೊಡೆಯಷ್ಟು ದಪ್ಪದ ತಿರುಪು ಇರುತ್ತದೆ. ಅದು ತಿರುಗಿದರೆ ಬಾಲದ ಹಲಗೆ ಏಳುತ್ತದೆ, ಇಳಿಯುತ್ತದೆ. ಅದರಿಂದ ಮೂಗು ಮೇಲೆ ಕೆಳಗೆ ಆಗುತ್ತದೆ. ತಿರುಪಿಗೆ ಕೀಲೆಣ್ಣೆ ಹಾಕುತ್ತಿರಬೇಕು. ಕಂಪನಿಯವರು ಹಾಕಿಲ್ಲ. ಒಣಗಿ ಒಣಗಿ ಆ ದಿನ ಅದು ಬಿಗಿಯಾಗಿ ಕಚ್ಚಿಕೊಂಡಿದೆ. ತಾನೇ ಹಾರಿಸುವ ಯಂತ್ರ ಅದನ್ನು ತಿರುಗಿಸಲು ಒದ್ದಾಡಿ, ಸೋತು, ಕೈಬಿಟ್ಟಿದೆ. "ಅದನ್ನು ಯಾರೂ ಬಿಡಿಸಲಿಲ್ಲ" ಅಂದರು. "ನಾನು ಮನೆಮನೆ ತಿರುಗಿ ಕೇಳಿದೆ. ಆ ಹೊತ್ತಿಗೆ ಏನು ಮಾಡಿದಿರಿ ಅಂದೆ. ಒಬ್ಬರೂ ಇದನ್ನು ಹೇಳಲಿಲ್ಲ."

"ನೀವು ಮೈಕು ಹೇಳಿದ್ದಕ್ಕ ಏನ್ ಮಾಡಿದ್ರಿ ಅಂದ್ರಿ. ಇದು ಊಟರೀ." ಸೆರಗಿನಿಂದ ಮುಖ ಒರೆಸಿಕೊಂಡೆ. "ಅಯ್ಯೋ ಶಿವನೇ, ಇದು ಬರೇ ಊಟ ಅನ್ಕೊಂಡಿದ್ವಿ."

ಮೂಲೆಯ ಮೇಜಿನಲ್ಲಿ ಕ್ಯಾಪ್ಟನ್ ಇರಲಿಲ್ಲ. ನಾನು ರೇಗಿದ್ದಕ್ಕೆ ತಾಟು ಹಾಗೇ ಬಿಟ್ಟು ಯಾವಾಗಲೋ ಮೇಲೆ ಹೋಗಿದ್ದರು. ಓಡಿಹೋಗಿ ಹೇಳಬೇಕೆಂದು ಎದ್ದೆ. ಮೇಡಂ ತಡೆದರು. ಒಬ್ಬಳ ಬಾಯಿಮಾತು ಸಾಲದು, ಊರವರೆಲ್ಲ ಹೇಳಬೇಕು, ಸಹಿ ಹಾಕಬೇಕು, ಅಲ್ಲಿಯವರೆಗೆ ಆ ಮನುಷ್ಯನಿಗೆ ಆಸೆ ಹುಟ್ಟಿಸಬೇಡಿ ಅಂದರು.

ಸಂಜೆ ದೀಪದ ಹೊತ್ತಿಗೆ ಊರು ನನ್ನ ಖಾನಾವಳಿಯಲ್ಲಿ ಸೇರಿತು. ವಿಷಯ ಕೇಳಿ ಫಕೀರಗೌಡನ ಮುಖ ಬಿಳಿಚಿಕೊಂಡಿತು. ಅವನು ಬಾಗಿಲು ಮುಚ್ಚಿಸಿ ದನಿ ತಗ್ಗಿಸಿದ. "ಸ್ವಲ್ಪ ವಿಚಾರ ಮಾಡ್ರೆಪಾ. ನಾವು ಕೇಳೀವಿ ಅಂದ್ರ ಕೇಳ್ಯಾರ ಅಂತ ಆತು. ಇಷ್ಟ್ ವರ್ಷ ಕೇಳಿ ಏನ್ ಮಾಡಿದ್ರಿ ಅಂತಾರ. ಏನ್ ಹೇಳೂಣು? ಉಂಡ್ವಿ ಅನ್ನೂಣೇನು? ಸತ್ತವರ ಮನಿಯವರು ನಮ್ಮ ಮಾರಿಗೆ ಉಗುಳ್ತಾರ."

"ಉಗುಳಲಿ" ಅಂದೆ ನಾನು.

"ನಿನಗೇನಬೇ, ನೀ ಒಬ್ಬಾಕಿ. ನಾ ಊರಿನ ಹೆಸರ ನೋಡಬೇಕು."

"ಮ್ಯಾಲ ಒಬ್ಬಾಂವ ದಿನಾ ಕೇಳಾಕತ್ಯಾನ, ಕೊಂದವ ನಾನೇನು ಅಂತ. ನೀ ಹೋಗಿ ಅವನ ಮುಂದ ನಿಂತು ಊರಿನ ಹೆಸರ ಹೇಳ್ ನೋಡೂಣು. ನಿನ್ನ ಕಡೆ ಆಗತೈತೇನು?"

ಆಮೇಲೆ ಕಾಶವ್ವ ಎದ್ದಳು. ಅವಳಿಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ, ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಹೇಳಿದಳು. "ನಾ ಎಮ್ಮಿ ಬಾಲಕ್ಕ ಎಣ್ಣಿ ಹಚ್ಚಿದ್ದೆ. ಎಣ್ಣಿ ಬೇಕಂತ ನನಗ ಗೊತ್ತಾಗಿತ್ತು. ಯಾರಿಗೆ ಬೇಕಂತ ಮುಂದ ಕೇಳ್ಲಿಲ್ಲ. ಬರಕೋರಿ ಮೇಡಮ್ಮ."

ಮೇಡಂ ಬರೆದುಕೊಂಡರು. ಕೂಗು ಕೇಳಿದ ಮೇಲೆ ನೀವು ಏನು ಮಾಡುತ್ತಿದ್ದಿರಿ ಅಂತ ಒಬ್ಬೊಬ್ಬರನ್ನೂ ಕೇಳಿದರು. ಎಲೆ ಹಾಕುತ್ತಿದ್ದೆ ಅಂದಳು ಒಬ್ಬಳು. ಕೈ ತೊಳೆಯುತ್ತಿದ್ದೆ ಅಂದ ಒಬ್ಬ. ಮಗುವನ್ನು ತೊಟ್ಟಿಲಿಂದ ಎತ್ತುತ್ತಿದ್ದೆ, ಅಂಗಡಿ ಪರದೆ ಎಳೆಯುತ್ತಿದ್ದೆ, ಮಜ್ಜಿಗೆ ಕಡೆಯುತ್ತಿದ್ದೆ. ಜಟ್ಟೆಪ್ಪ, ಬುತ್ತಿ ಬಿಚ್ಚುತ್ತಿದ್ದೆ ಅಂದು ಹೋ ಅಂತ ಅತ್ತುಬಿಟ್ಟ. ಅನ್ನ ಬಸಿಯುತ್ತಿದ್ದೆ ಅಂದೆ ನಾನು. ಕೊನೆಗೆ ಫಕೀರಗೌಡ ಬಾಗಿಲ ಚಿಲಕ ತೆಗೆದು ಬಂದು, "ಉಣ್ಣಾಕ ಕುಂಡರ್ತಿದ್ದೆ, ಬರಕೋರಿ" ಅಂದ.

ಅದೇ ಸಂಜೆ ಮೇಡಂ ಹೇಳಿದರು, ಕ್ಯಾಪ್ಟನ್ ಮೇಲೆ ಇನ್ನು ಯಾವ ಆರೋಪವೂ ನಿಲ್ಲುವುದಿಲ್ಲ, ಈಗ ಹೋಗಿ ತಿಳಿಸಬಹುದು ಅಂತ. ನಾನು ಮುದ್ದೆಯಾಗದ ಅನ್ನ ಮಾಡಿ, ಮೇಲೊಂದು ಚಮಚ ತುಪ್ಪ ಹಾಕಿ, ತಾಟು ಹಿಡಿದು ಮೆಟ್ಟಿಲು ಹತ್ತಿದೆ. ನಮ್ಮ ಪಾಡು ಏನೇ ಆಗಲಿ, ಆ ಮನುಷ್ಯನ ಮುಖದಲ್ಲಿ ಬೆಳಕು ಕಾಣುತ್ತೇನೆ ಅನ್ನುವ ಖುಷಿ ನನಗೆ. ಬಾಗಿಲಲ್ಲೇ ಕೂಗಿ ಹೇಳಿದೆ.

"ನೀವಲ್ರೀ! ನೀವ್ ಮಾಡಿಲ್ಲ! ಅದು ತಾನ ಕೈಬಿಟ್ಟೈತಿ!"

ಕ್ಯಾಪ್ಟನ್ ಗೋಡೆಗೆ ಒರಗಿ ಕೂತಿದ್ದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕಣ್ಣಲ್ಲಿ ನೀರು ತುಂಬಿತು. ಕೈ ಜೋಡಿಸಿದರು, ನಾನು ಬೇಡ ಬೇಡ ಅಂದೆ. ನಮಗೆ ಕೈ ಮುಗಿಯುವಂಥದ್ದೇನೂ ನಾವು ಮಾಡಿಲ್ಲ ಅಂತ ಎಲ್ಲವನ್ನೂ ಹೇಳಿದೆ. ತಿರುಪಿನ ಮಾತು, ಊಟದ ಕೂಗು, ಎಮ್ಮೆಯ ಬಾಲ, ಏನನ್ನೂ ಬಚ್ಚಿಡಲಿಲ್ಲ. ಬೈದಾರು ಅಂದುಕೊಂಡೆ. ಬೈಯಲಿಲ್ಲ. ಮುಖದ ಬೆಳಕು ಮಾತ್ರ ನಾನು ನೋಡುತ್ತಿದ್ದಂತೆಯೇ ಆರುತ್ತ ಹೋಯಿತು.

"ದಿನಾ ಬರ್ತಿತ್ತಾ?" ಅಂದರು.

"ದಿನಾ."

"ನಾವು ನಿಮ್ಮೂರಿನ ಮೇಲೆ ಬಂದಾಗ."

"ಹೌದ್ರಿ."

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೇಳತೊಡಗಿದರು, ನನಗೋ ತಮಗೋ ಗೊತ್ತಿಲ್ಲ. "ನಿಮ್ಮೂರಿನ ಹತ್ರ ಬಂದಾಗ ನಾವು ಇಳಿಯೋಕೆ ಶುರು ಮಾಡ್ತೀವಿ. ಆಗ ಬಾಲದ ತಿರುಪು ತಿರುಗ್ಬೇಕು. ಅದು ತಿರುಗೋವಾಗ ನನ್ನ ಮುಂದೆ ಒಂದು ಹಳದಿ ದೀಪ ಹತ್ತೋದು. ಚಿಕ್ಕದು. ಒಂದು ನಿಮಿಷ ಇದ್ದು ಆರಿಹೋಗೋದು. ಮೊದಲನೇ ಸಲ ಹತ್ತಿದಾಗ ಕೆಳಗಿಳಿದು ಹೇಳಿದ್ದೆ. ನೋಡ್ತೀವಿ ಅಂದ್ರು. ಮರುದಿನ ಮತ್ತೆ ಹತ್ತಿತು. ಏನೂ ಆಗಲಿಲ್ಲ. ಆಮೇಲೆ ಅದು ಹತ್ತಿದ್ರೆ ಉಪ್ಪಿನ ಬಯಲು ಬಂತು, ನೆಲ ಮುಟ್ಟೋಕೆ ಇನ್ನು ಇಪ್ಪತ್ತು ನಿಮಿಷ ಅಂತ ನನಗೆ ಗೊತ್ತಾಗ್ತಿತ್ತು." ಅವರು ನನ್ನ ಕಡೆ ತಿರುಗಿದರು. "ನಾನು ಚಹಾ ತರಿಸ್ತಿದ್ದೆ, ದ್ಯಾಮವ್ವ. ಆ ದೀಪ ನೋಡಿ ಚಹಾ ತರಿಸ್ತಿದ್ದೆ."

ನಾನು ತಾಟನ್ನು ಅವರ ಮುಂದೆ ಸರಿಸಿದೆ.

"ಮೇಡಂ ಕೇಳಿದ್ರು, ಮೊದಲಿಂದ ಏನಾದ್ರೂ ತೊಂದರೆ ಇತ್ತಾ ಅಂತ. ಇಲ್ಲ ಅಂದೆ. ಸುಳ್ಳು ಹೇಳ್ಲಿಲ್ಲ ನಾನು. ಇಲ್ಲ ಅಂತಲೇ ಅಂದ್ಕೊಂಡಿದ್ದೆ."

"ಈಗ ಯಾಕ ಆ ಮಾತು?" ಅಂದೆ. ದನಿ ನನಗೆ ಗೊತ್ತಿಲ್ಲದೆಯೇ ತಗ್ಗಿತು. "ಎಲ್ಲಾ ಮುಗದೈತಿ. ಬರದಾಗೈತಿ. ದೀಪದ ಮಾತು ನಿಮಗ, ನನಗ ಬಿಟ್ರ ಯಾರಿಗೂ ಗೊತ್ತಿಲ್ಲ. ನಾ ಬಾಯಿ ಬಿಡೂದುಲ್ಲ. ಸುಮ್ನ ಉಂಡು ನಾಳೆ ಮುಂಜಾನೆ ನಿಮ್ಮ ಮನಿಗೆ ಹೋಗ್ರಿ." ಬೇಡಿಕೊಂಡೆ ಅಂತಲೇ ಹೇಳಬೇಕು. ಅಷ್ಟು ಕಷ್ಟಪಟ್ಟು ಒಬ್ಬರನ್ನು ಬಿಡಿಸಿಕೊಂಡಿದ್ದೆವು. ಆ ಒಬ್ಬರೂ ಕೈತಪ್ಪಿ ಹೋಗುತ್ತಾರೆ ಅನ್ನುವ ಸಂಕಟ ನನ್ನದು.

ಕ್ಯಾಪ್ಟನ್ ತಾಟನ್ನು ಪಕ್ಕಕ್ಕಿಟ್ಟು ಕೋಲು ತೆಗೆದುಕೊಂಡರು. ನಿಲ್ಲಲು ಒದ್ದಾಡಿದಾಗ ನಾನೇ ರಟ್ಟೆ ಹಿಡಿದೆ. ಬಿಡಬೇಕೋ ಹಿಡಿಯಬೇಕೋ ತಿಳಿಯದೆ ಹಿಡಿದೇ ನಡೆದೆ. ಪಕ್ಕದ ಖೋಲಿಯ ಬಾಗಿಲನ್ನು ಅವರೇ ತಟ್ಟಿದರು. ಮೇಡಂ ಕನ್ನಡಕ ಏರಿಸಿಕೊಂಡು ಬಾಗಿಲು ತೆಗೆದರು, ಅವರನ್ನು ನೋಡಿ ಮೊದಲ ಸಲ ನಕ್ಕರು.

"ಅಭಿನಂದನೆ ಕ್ಯಾಪ್ಟನ್. ಈಗ ಎಲ್ಲರ ಹೇಳಿಕೆಯೂ ಆಯಿತು."

"ಎಲ್ಲರದ್ದೂ ಆಗಿಲ್ಲ ಮೇಡಂ" ಅಂದರು ಅವರು. "ನಾನೊಬ್ಬ ಬಿಟ್ಟುಹೋಗಿದ್ದೀನಿ. ನಾನೇನು ಮಾಡ್ತಿದ್ದೆ ಅಂತ ನೀವು ಕೇಳಿಲ್ಲ."

ಮೇಡಂ ನಗು ನಿಂತಿತು. ಅವರು ನನ್ನ ಮುಖ ನೋಡಿದರು, ನಾನು ತಲೆ ತಗ್ಗಿಸಿದೆ. ಪೆನ್ನು ತರಲು ಒಳಗೆ ಹೋದರು. ನಾನು ಕುರ್ಚಿ ಎಳೆದು ಕ್ಯಾಪ್ಟನ್ ಹಿಂದೆ ಇಟ್ಟೆ.